ಚಿಲಕ ಅಲುಗಾಡಿದ್ದು ರೇಡಿಯೊದಲ್ಲೋ, ಹಿತ್ತಿಲಲ್ಲೋ?

ಪ್ರಶ್ನೆ: ನನಗೆ ಮೂವತ್ತಮೂರು ವರ್ಷ. ನನಗೆ ಬುದ್ಧಿ ಬರುವ ಹೊತ್ತಿಗೆ ಮನೆಯಲ್ಲಿ ಟಿ.ವಿ. ಇತ್ತು, ರೇಡಿಯೊ ನಾಟಕ ಕೇಳಿ ಬೆಳೆದವಳಲ್ಲ. ಕಳೆದ ತಿಂಗಳು ಗೆಳತಿಯೊಬ್ಬಳು 1940ರ ದಶಕದ ಅಮೆರಿಕದ ಕೆಲವು ಪತ್ತೇದಾರಿ ರೇಡಿಯೊ ನಾಟಕಗಳನ್ನು ಕಳುಹಿಸಿದಳು. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಿದಾಗ ನಗು ಬಂತು. ಗೊರಗೊರ ಸದ್ದು, ಅತಿಯಾದ ಅಭಿನಯ, ನಡುನಡುವೆ ಚಹಾದ ಜಾಹೀರಾತು. ಅವುಗಳಲ್ಲೇ ಒಂದನ್ನು ಒಂದು ರಾತ್ರಿ ಪಾತ್ರೆ ತೊಳೆಯುತ್ತಾ ಸ್ಪೀಕರಿನಲ್ಲಿ ಹಾಕಿದೆ. ಹಾಸಿಗೆ ಹಿಡಿದ ಹೆಂಗಸೊಬ್ಬಳು ಟೆಲಿಫೋನಿನಲ್ಲಿ ಕೊಲೆಯ ಸಂಚನ್ನು ಕೇಳಿಸಿಕೊಳ್ಳುವ ಕಥೆ. ಮುಗಿಸಲಾಗದೆ ನಡುವೆಯೇ ನಿಲ್ಲಿಸಿಬಿಟ್ಟೆ. ವೆಬ್ ಸರಣಿಗಳ ರಕ್ತಪಾತಕ್ಕೆ ಜಗ್ಗದ ನನ್ನನ್ನು ಎಂಬತ್ತು ವರ್ಷ ಹಳೆಯ ಸದ್ದು ಹೇಗೆ ಹೆದರಿಸಿತು? ಜನ ಇವನ್ನು ಇಂದಿಗೂ ಕೇಳುವುದು ಹಳೆಯದರ ಮೋಹದಿಂದಲೇ?
ಓದುಗಿ, ಹಾಸನ

ಉತ್ತರ: ಹಳೆಯದರ ಮೋಹ ಹುಟ್ಟಬೇಕಾದರೆ ಆ ಹಳೆಯದರಲ್ಲಿ ನಮ್ಮದೂ ಒಂದು ಪಾಲಿರಬೇಕು. ನನಗೆ ಆ ಮೋಹ ಇದೆ, ಒಪ್ಪಿಕೊಳ್ಳುತ್ತೇನೆ. ಮೂವತ್ತು ವರ್ಷ ಬಾನುಲಿ ನಾಟಕಗಳಿಗೆ ಸದ್ದು ಕೂಡಿಸಿ ಸಂಬಳ ಎಣಿಸಿದವನು ನಾನು. ನೀವು ಆ ಕಾಲ ಕಂಡವರಲ್ಲ, ಆ ದೇಶ ಕಂಡವರಲ್ಲ, ರೇಡಿಯೊದ ಮುಂದೆ ಕುಳಿತವರೂ ಅಲ್ಲ. ಆದ್ದರಿಂದ ಮೋಹದ ಮಾತನ್ನು ಇಲ್ಲಿಗೇ ಬಿಡೋಣ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆಯೇ ಒಂದು ಸಂಗತಿ. ಬಸ್ಸಿನಲ್ಲಿ ನಗು ಬಂತು, ಅಡುಗೆಮನೆಯಲ್ಲಿ ಹೆದರಿಕೆಯಾಯಿತು. ನಾಟಕಗಳು ಅವೇ, ಕಿವಿಯೂ ಅದೇ, ಗೊರಗೊರವೂ ಅಷ್ಟೇ. ಬದಲಾದದ್ದು ಜಾಗ. ನಿಮ್ಮ ಪ್ರಶ್ನೆಗೆ ಉತ್ತರ ಆ ಎರಡು ಜಾಗಗಳ ನಡುವೆಯೇ ಇದೆ.

ರೇಡಿಯೊ ನಾಟಕದ ಬಗ್ಗೆ ಯಾರನ್ನು ಕೇಳಿದರೂ ಬರುವ ಸಿದ್ಧ ಉತ್ತರವೊಂದಿದೆ: ಕಣ್ಣಿಗೆ ಕಾಣದ್ದನ್ನು ಮನಸ್ಸು ಕಲ್ಪಿಸಿಕೊಳ್ಳುತ್ತದೆ, ಆದ್ದರಿಂದ ಭಯ ಹೆಚ್ಚು. ತಪ್ಪಲ್ಲ, ಆದರೆ ಇಷ್ಟು ಸಾಲದು. ಕಲ್ಪನೆಯೊಂದೇ ಕಾರಣವಾಗಿದ್ದರೆ ಪತ್ತೇದಾರಿ ಕಾದಂಬರಿ ಓದುವವರೆಲ್ಲ ರಾತ್ರಿಯಿಡೀ ದೀಪ ಉರಿಸಿ ಮಲಗಬೇಕಿತ್ತು. ನಮ್ಮಲ್ಲಿ ಎನ್. ನರಸಿಂಹಯ್ಯನವರ ಪುರುಷೋತ್ತಮನ ಸಾಹಸಗಳನ್ನು ಒಂದೇ ಉಸಿರಿಗೆ ಓದಿ ಮುಗಿಸಿ, ದಿಂಬಿನ ಕೆಳಗಿಟ್ಟು, ಗೊರಕೆ ಹೊಡೆದ ತಲೆಮಾರೇ ಇದೆ. ಅವರಿಗೆ ಕಲ್ಪನೆ ಕಡಿಮೆಯಿತ್ತೇ?

ನನ್ನ ಅನುಭವಕ್ಕೆ ಬಂದ ಕಾರಣ ಇದು. ಸಿನಿಮಾದ ಪರದೆಗೆ ನಾಲ್ಕು ಅಂಚುಗಳಿವೆ, ನಿಮ್ಮ ಮೊಬೈಲಿಗೂ ಇವೆ. ಕೊಲೆಗಾರ ಎಷ್ಟೇ ಕ್ರೂರಿಯಾಗಿರಲಿ, ಆ ಅಂಚುಗಳನ್ನು ದಾಟಿ ಬರುವಂತಿಲ್ಲ. ಸದ್ದಿಗೆ ಅಂಚಿಲ್ಲ. ರೇಡಿಯೊದಿಂದ ಹೊರಟ ಹೆಜ್ಜೆಯ ಸದ್ದೂ, ನಡುಮನೆಯಲ್ಲಿ ಯಾರೋ ಇಟ್ಟ ಹೆಜ್ಜೆಯ ಸದ್ದೂ ಒಂದೇ ಗಾಳಿಯಲ್ಲಿ ಬಂದು ಒಂದೇ ಕಿವಿಗೆ ಬೀಳುತ್ತವೆ. ಯಾವುದು ಯಾವುದೆಂದು ತೀರ್ಮಾನಿಸಲು ಒಂದು ಕ್ಷಣ ಬೇಕು. ಆ ಒಂದು ಕ್ಷಣದ ಮೇಲೆಯೇ ಈ ನಾಟಕಗಳು ಬದುಕಿವೆ. ಅವುಗಳನ್ನು ಬರೆದವರಲ್ಲಿ ಜಾಣರಾದವರು ಕೇಳುಗರ ಮನೆಯಲ್ಲಿ ಈಗಾಗಲೇ ಇರುವ ವಸ್ತುವನ್ನೇ ಕಥೆಯ ನಡುವೆ ತಂದು ಕೂರಿಸುತ್ತಿದ್ದರು.

ನೀವು ಅರ್ಧಕ್ಕೆ ನಿಲ್ಲಿಸಿದ ನಾಟಕವನ್ನೇ ನೋಡಿ. ಅದರ ಹೆಸರು 'ಸಾರಿ, ರಾಂಗ್ ನಂಬರ್'. ಬರೆದವರು ಲೂಸಿಲ್ ಫ್ಲೆಚರ್. ಅಮೆರಿಕದ ಸಿಬಿಎಸ್ ಜಾಲದ 'ಸಸ್ಪೆನ್ಸ್' ಸರಣಿಯಲ್ಲಿ 1943ರ ಮೇ 25ರಂದು ಮೊದಲ ಸಲ ಪ್ರಸಾರವಾಯಿತು. ಹಾಸಿಗೆ ಬಿಟ್ಟು ಏಳಲಾಗದ ಶ್ರೀಮಂತ ಹೆಂಗಸು ಗಂಡನ ಕಚೇರಿಗೆ ಫೋನ್ ಮಾಡಲು ಯತ್ನಿಸುತ್ತಾಳೆ. ಲೈನು ಅಡ್ಡಹಾಯುತ್ತದೆ. ಇಬ್ಬರು ಗಂಡಸರು ಮಾತನಾಡುವುದು ಕೇಳಿಸುತ್ತದೆ. ಹನ್ನೊಂದು ಗಂಟೆಗೆ ಕಾವಲುಗಾರ ಬಿಯರ್ ಕುಡಿಯಲು ಹೋಗುತ್ತಾನೆ, ಹನ್ನೊಂದೂಕಾಲಿಗೆ ಸೇತುವೆಯ ಮೇಲೆ ರೈಲು ಹಾಯುತ್ತದೆ, ಕೊಲೆಯಾಗಬೇಕಾದ ಹೆಂಗಸು ಕಿರುಚಿದರೂ ಆ ಸದ್ದಿನಲ್ಲಿ ಯಾರಿಗೂ ಕೇಳಿಸದು. ಇಷ್ಟು ಕೇಳಿಸಿ ಲೈನು ಕಡಿದುಹೋಗುತ್ತದೆ. ಅಲ್ಲಿಂದ ಮುಂದೆ ಆಕೆ ಆಪರೇಟರನ್ನು ಕೇಳುತ್ತಾಳೆ, ಪೊಲೀಸರನ್ನು ಕೇಳುತ್ತಾಳೆ, ಯಾರೂ ಕಿವಿಗೊಡುವುದಿಲ್ಲ.

ಲ್ಯಾಂಡ್‌ಲೈನ್ ಕಾಲದ ನಮ್ಮವರಿಗೆ ಇದನ್ನು ವಿವರಿಸಬೇಕಿಲ್ಲ. ಕ್ರಾಸ್ ಕನೆಕ್ಷನ್ ಎಂಬುದು ನಮ್ಮ ಮನೆಗಳಲ್ಲಿ ವಾರಕ್ಕೊಮ್ಮೆ ನಡೆಯುತ್ತಿದ್ದ ಮನರಂಜನೆ. ಯಾರದೋ ಮದುವೆ ಮಾತುಕತೆ, ಯಾರದೋ ಸಾಲದ ಜಗಳ ಪುಕ್ಕಟೆಯಾಗಿ ಕೇಳುತ್ತಿತ್ತು. ಫ್ಲೆಚರ್ ಮಾಡಿದ್ದು ಇಷ್ಟೇ: ಆ ಮಾತುಕತೆಯ ವಿಷಯವನ್ನು ಬದಲಾಯಿಸಿದರು.

ಇದರ ಕಟ್ಟಡವನ್ನು ಹತ್ತಿರದಿಂದ ನೋಡಿದರೆ ಕಸುಬಿನವರಿಗೆ ಹೊಟ್ಟೆಕಿಚ್ಚಾಗುತ್ತದೆ. ಹೆಚ್ಚುಕಡಿಮೆ ಇಡೀ ನಾಟಕ ಒಂದೇ ಕೋಣೆಯಲ್ಲಿ, ಒಂದೇ ಫೋನಿನ ಸುತ್ತ ನಡೆಯುತ್ತದೆ. ಉಳಿದ ಪಾತ್ರಗಳೆಲ್ಲ ತಂತಿಯ ಆ ತುದಿಯ ತೆಳುವಾದ, ಮೂಗಿನಲ್ಲಿ ಮಾತನಾಡಿದಂತಹ ದನಿಗಳು. ಆಕೆಗೆ ಎಷ್ಟು ಕೇಳಿಸುತ್ತದೆಯೋ ನಮಗೂ ಅಷ್ಟೇ, ಅದೇ ಕರ್ಕಶ ಧ್ವನಿಯಲ್ಲಿ. ಸಿನಿಮಾ ಮಾಡಲು ಹೊರಟರೆ ಕ್ಯಾಮೆರಾವನ್ನು ಎಲ್ಲಿಗಾದರೂ ಕರೆದೊಯ್ಯಬೇಕಾಗುತ್ತದೆ. 1948ರಲ್ಲಿ ಬಾರ್ಬರಾ ಸ್ಟಾನ್‌ವಿಕ್ ನಟಿಸಿದ ಚಿತ್ರಕ್ಕೆ ಹಿಂದಿನ ಕಥೆಗಳ ಮೇಲೆ ಕಥೆ ಹೆಣೆಯಬೇಕಾಯಿತು. ರೇಡಿಯೊ ಆ ಕೋಣೆ ಬಿಟ್ಟು ಕದಲಲಿಲ್ಲ. ಆಕೆ ಹಾಸಿಗೆಯಿಂದ ಏಳಲಾರಳು, ನಾವು ಅಲ್ಲಿಂದ ಹೊರಗೆ ಇಣುಕಿ ನೋಡಲಾರೆವು. ಇಬ್ಬರದೂ ಒಂದೇ ಪಾಡು.

ಇನ್ನು ಆ ಹೆಂಗಸಿನ ಪಾತ್ರ ಮಾಡಿದ ಆಗ್ನೆಸ್ ಮೂರ್‌ಹೆಡ್ ಅವರ ಅಭಿನಯ. ಅತಿಯಾಯಿತು ಎಂದಿದ್ದೀರಿ. ಈ ನಾಟಕದ ಮಟ್ಟಿಗೆ ನಾನು ಒಪ್ಪುವುದಿಲ್ಲ. ಆ ಹೆಂಗಸು ಸಿಡುಕಿ, ದರ್ಪದವಳು, ಪ್ರತಿ ಆಪರೇಟರನ್ನೂ ಗದರುವವಳು. ಮೊದಲ ಹತ್ತು ನಿಮಿಷ ನಮಗೂ ಅವಳ ಮೇಲೆ ರೇಗುತ್ತದೆ, ಆಪರೇಟರ್ ಅಸಡ್ಡೆ ತೋರಿದಾಗ ಸರಿಯಾಯಿತು ಅನ್ನಿಸುತ್ತದೆ. ಆಮೇಲೆ ಆ ಸಿಡುಕಿನ ಅಡಿಯಿಂದ ಸಣ್ಣಗೆ ಭಯ ಹಣಕುತ್ತದೆ. ಅಷ್ಟರಲ್ಲಿ ನಾವೂ ಅವಳನ್ನು ಕೈಬಿಟ್ಟವರ ಸಾಲಿನಲ್ಲಿ ನಿಂತಿರುತ್ತೇವೆ. ಅಂಗಡಿಯೊಂದರಲ್ಲಿ ಮಗುವಿಗಾಗಿ ಏನೋ ಕೊಳ್ಳಲು ಹೋದಾಗ ದಾರಿ ಬಿಡದೆ ಗದರಿದ ಒಬ್ಬ ಶ್ರೀಮಂತ ಹೆಂಗಸಿನ ಮೇಲಿನ ಸಿಟ್ಟಿನಿಂದ ಈ ಪಾತ್ರ ಹುಟ್ಟಿತೆಂದು ಫ್ಲೆಚರ್ ಹೇಳಿಕೊಂಡಿದ್ದಾರೆ. ಲೇಖಕರ ಜೊತೆ ಸರತಿ ಸಾಲಿನಲ್ಲಿ ಜಗಳವಾಡಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಮೂರ್‌ಹೆಡ್ ಇದೇ ಸರಣಿಯಲ್ಲಿ ಈ ಪಾತ್ರವನ್ನು 1960ರವರೆಗೆ ಎಂಟು ಸಲ ಮಾಡಿದರು.

ಫ್ಲೆಚರ್ ಅವರದೇ ಇನ್ನೊಂದು ನಾಟಕ 'ದಿ ಹಿಚ್‌ಹೈಕರ್'. ಅಲ್ಲಿ ಮನೆಯ ಬದಲು ಕಾರು. 1940ರಲ್ಲಿ ಗಂಡ ಬರ್ನಾರ್ಡ್ ಹರ್ಮನ್ ಜೊತೆ ಬ್ರೂಕ್ಲಿನ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಕಾರಿನಲ್ಲಿ ಹೊರಟಾಗ, ಸೇತುವೆಯ ಮೇಲೆ ಕಂಡ ವಿಚಿತ್ರ ಮನುಷ್ಯನೊಬ್ಬ ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು ಕಡೆ ಮತ್ತೆ ಕಾಣಿಸಿದನಂತೆ. ಆಮೇಲೆ ಅವನ ಸುಳಿವಿಲ್ಲ. ನಾವಾಗಿದ್ದರೆ ಊರು ತಲುಪುವುದರೊಳಗೆ ಮರೆಯುತ್ತಿದ್ದೆವು. ಆಕೆ ಅವನನ್ನು ಅಮೆರಿಕದ ಉದ್ದಕ್ಕೂ, ಪ್ರತಿ ತಿರುವಿನಲ್ಲೂ ಹೆಬ್ಬೆರಳು ಚಾಚಿಕೊಂಡು ನಿಲ್ಲಿಸಿದರು. 1941ರಲ್ಲಿ ಆರ್ಸನ್ ವೆಲ್ಸ್ ಅದನ್ನು ಮೊದಲು ಆಡಿದರು, ಮರುವರ್ಷ 'ಸಸ್ಪೆನ್ಸ್'ನಲ್ಲಿ ಮತ್ತೆ ಆಡಿದರು. ಸಂಗೀತ ಹರ್ಮನ್ ಅವರದೇ. ಮುಂದೆ ಹಿಚ್‌ಕಾಕ್‌ನ 'ಸೈಕೊ' ಚಿತ್ರಕ್ಕೆ ಪಿಟೀಲುಗಳನ್ನು ಚೂರಿಯಂತೆ ಬಳಸಿದ್ದು ಇದೇ ಹರ್ಮನ್. ಇದನ್ನು ರಾತ್ರಿ ಹೆದ್ದಾರಿಯಲ್ಲಿ ಒಬ್ಬರೇ ಕಾರು ಓಡಿಸುತ್ತಾ ಕೇಳಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಹೇಳಿದವರೆಲ್ಲ ಹಾಗೆಯೇ ಕೇಳಿ ಬಂದಿದ್ದಾರೆ.

ಇದಕ್ಕೆ ವಿರುದ್ಧವಾದ ಪಂಥವೂ ಒಂದಿತ್ತು. 1934ರಲ್ಲಿ ಷಿಕಾಗೊದಿಂದ, ಮಕ್ಕಳು ಮಲಗಿದ ಮೇಲೆ, ನಡುರಾತ್ರಿಯಲ್ಲಿ ಶುರುವಾದ 'ಲೈಟ್ಸ್ ಔಟ್' ಸರಣಿ ಅದರ ಹಿರಿಯಣ್ಣ. ವಿಲಿಸ್ ಕೂಪರ್ ಆರಂಭಿಸಿದ್ದು, 1936ರಿಂದ ಆರ್ಚ್ ಒಬೊಲರ್ ಮುಂದುವರಿಸಿದ್ದು. ಅವರ ಸ್ಟುಡಿಯೊ ಅರ್ಧ ಅಡುಗೆಮನೆ. ತಲೆ ಕಡಿಯುವ ಸದ್ದಿಗೆ ಎಲೆಕೋಸನ್ನು ಮಚ್ಚಿನಿಂದ ಸೀಳುತ್ತಿದ್ದರು. ವಿದ್ಯುತ್ ಕುರ್ಚಿಗೆ ಬಾಣಲೆಯಲ್ಲಿ ಹಂದಿಮಾಂಸ ಚೊಂಯ್‌ಗುಟ್ಟುತ್ತಿತ್ತು. ಮೂಳೆ ಮುರಿಯುವುದಕ್ಕೆ ನಿಜವಾದ ಪಕ್ಕೆಲುಬುಗಳನ್ನೇ ತಂದು ಲಟಕ್ಕನೆ ಮುರಿಯುತ್ತಿದ್ದರು. ಮನುಷ್ಯನೊಬ್ಬ ಒಳಗಿನದು ಹೊರಗಾಗಿ ತಿರುಚಿಕೊಳ್ಳುವ ದೃಶ್ಯವೊಂದಿದೆ. ಅದಕ್ಕೆ ಒದ್ದೆಯಾದ ರಬ್ಬರ್ ಕೈಗವಸನ್ನು ಮೈಕಿನ ಮುಂದೆ ಮೆಲ್ಲಗೆ ಸುಲಿದರಂತೆ. ಕೈಚಳಕಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಇಂದು ಕೇಳಿದರೆ ಎಲೆಕೋಸು ಎಲೆಕೋಸಾಗಿಯೇ ಕೇಳಿಸುತ್ತದೆ, ನಗು ಬರುತ್ತದೆ. ನಿಮ್ಮ ಮನೆಯಲ್ಲಿ ಯಾರೂ ಒಳಗಿನದು ಹೊರಗಾಗಿ ತಿರುಚಿಕೊಳ್ಳುವುದಿಲ್ಲ. ಆ ಸದ್ದು ಬೆರೆತುಹೋಗಲು ನಿಮ್ಮ ಮನೆಯಲ್ಲಿ ಇನ್ನೊಂದು ಸದ್ದಿಲ್ಲ.

ಬಾಗಿಲಿನ ಕಥೆ ಬೇರೆ. 1941ರಿಂದ 1952ರವರೆಗೆ ನಡೆದ 'ಇನ್ನರ್ ಸ್ಯಾಂಕ್ಟಮ್' ಪ್ರತಿ ವಾರವೂ ಕಿರ್‍ರ್‍ರೆಂದು ತೆರೆದುಕೊಳ್ಳುವ ಬಾಗಿಲಿನಿಂದ ಶುರುವಾಗುತ್ತಿತ್ತು. ನಿರ್ಮಾಪಕ ಹೈಮನ್ ಬ್ರೌನ್. ಆ ಸದ್ದಿಗೆ ನಿಜವಾಗಿ ಬಳಸಿದ್ದು ತುಕ್ಕು ಹಿಡಿದ ಕುರ್ಚಿಯೊಂದನ್ನು, ಒಮ್ಮೆ ಯಾರೋ ಪುಣ್ಯಾತ್ಮ ಅದನ್ನು ರಿಪೇರಿ ಮಾಡಿಟ್ಟಾಗ ಪ್ರಸಾರದ ಹೊತ್ತಿಗೆ ಬಾಯಿಯಲ್ಲೇ ಕಿರುಗುಟ್ಟಬೇಕಾಯಿತು ಎಂಬ ದಂತಕಥೆ ಈ ಕಸುಬಿನವರಲ್ಲಿ ಓಡಾಡುತ್ತದೆ. ನೀವು ಹೇಳಿದ ಚಹಾದ ಜಾಹೀರಾತು ಬಹುಶಃ ಇಲ್ಲಿಯದೇ. ಲಿಪ್ಟನ್ ಪ್ರಾಯೋಜಿಸುತ್ತಿದ್ದ ದಿನಗಳಲ್ಲಿ ಮೇರಿ ಎಂಬ ಗೃಹಿಣಿ ಬಂದು, ಹೆಣದ ಹಾಸ್ಯ ಮಾಡುವ ನಿರೂಪಕ ರೇಮಂಡನನ್ನು ಗದರಿ, ಚಹಾ ಕುಡಿಯಿರಿ ಎಂದು ಹೇಳಿ ಹೋಗುತ್ತಿದ್ದಳು. ಅದನ್ನು ಅಡಚಣೆ ಎಂದುಕೊಳ್ಳಬೇಡಿ. ಸಮಾಧಿಯ ಪಕ್ಕದಲ್ಲಿ ಚಹಾದ ಲೋಟ ಇಟ್ಟರೆ ಸಮಾಧಿ ಇನ್ನಷ್ಟು ಹತ್ತಿರ ಬರುತ್ತದೆ. ಆಕೆಯೂ ನಿಮ್ಮ ಅಡುಗೆಮನೆಯಿಂದಲೇ ಮಾತನಾಡುತ್ತಾಳಲ್ಲ!

ಇದು ಅಮೆರಿಕದವರು ಮಾತ್ರ ಕಂಡುಕೊಂಡ ಗುಟ್ಟೂ ಅಲ್ಲ. ಬಿಬಿಸಿ 1924ರ ಜನವರಿ 15ರಂದು ರಿಚರ್ಡ್ ಹ್ಯೂಸ್ ಅವರ 'ಡೇಂಜರ್' ನಾಟಕವನ್ನು ಪ್ರಸಾರ ಮಾಡಿತು. ರೇಡಿಯೊಗೆಂದೇ ಬರೆದ ಮೊದಲ ನಾಟಕಗಳಲ್ಲಿ ಅದು ಒಂದು. ವೇಲ್ಸಿನ ಕಲ್ಲಿದ್ದಲು ಗಣಿ, ದೀಪ ಆರಿಹೋಗುತ್ತದೆ, ಒಳಗೆ ಸಿಕ್ಕಿಬಿದ್ದವರಿಗೆ ಏನೂ ಕಾಣುವುದಿಲ್ಲ. ಕೇಳುಗರಿಗೂ ಕಾಣುವುದಿಲ್ಲ. ಕಣ್ಣಿಲ್ಲದಿರುವುದನ್ನು ಮಾಧ್ಯಮದ ಕೊರತೆ ಎಂದು ಎಲ್ಲರೂ ಮರುಗುತ್ತಿದ್ದಾಗ ಹ್ಯೂಸ್ ಅದನ್ನೇ ಕಥೆ ಮಾಡಿದರು. ಅಗಾಥಾ ಕ್ರಿಸ್ಟಿಯವರ 'ದಿ ಮೌಸ್‌ಟ್ರಾಪ್' 1952ರಿಂದ ಲಂಡನ್ನಿನ ರಂಗದ ಮೇಲಿದೆ, ಅದೂ ಹುಟ್ಟಿದ್ದು ರೇಡಿಯೊ ನಾಟಕವಾಗಿ. ರಾಣಿ ಮೇರಿಯ ಎಂಬತ್ತನೆಯ ಹುಟ್ಟುಹಬ್ಬಕ್ಕೆಂದು 1947ರಲ್ಲಿ ಬಿಬಿಸಿ ಬರೆಸಿದ್ದ ಅರ್ಧ ಗಂಟೆಯ ತುಣುಕು ಅದು.

ನನ್ನ ಕಾಲದ ಒಂದು ಪ್ರಸಂಗ ಹೇಳಬೇಕು. ನಮ್ಮ ಸ್ಟುಡಿಯೊದ ಮೂಲೆಯಲ್ಲಿ ಗೋಡೆಯಿಲ್ಲದ ಒಂದು ಬಾಗಿಲಿತ್ತು. ಚೌಕಟ್ಟು, ಕದ, ಅದರ ಮೈತುಂಬ ಅಗುಳಿ, ಚಿಲಕ, ಕೊಂಡಿ, ಬೀಗ. ಪಕ್ಕದ ಪೆಟ್ಟಿಗೆಯಲ್ಲಿ ಕುದುರೆಗೆ ತೆಂಗಿನ ಕರಟ, ಗುಡುಗಿಗೆ ತಗಡು, ಮಳೆಗೆ ಮೊರ ಮತ್ತು ಒಂದು ಸೇರು ಅಕ್ಕಿ, ಪಿಸ್ತೂಲಿನ ಕುದುರೆ ಎಳೆಯಲು ಅಡಕತ್ತರಿ. ಒಂದು ಪತ್ತೇದಾರಿ ನಾಟಕದಲ್ಲಿ ಬರಹಗಾರರು ಫೋನ್ ಗಂಟೆಯ ಮೇಲೆ ಇಡೀ ರಹಸ್ಯವನ್ನು ನಿಲ್ಲಿಸಿದ್ದರು. ಪ್ರಸಾರವಾಯಿತು. ಪಟ್ಟಣದವರಿಂದ ಕಾಗದ ಬಂದವು, ಹಳ್ಳಿಗಳಿಂದ ಒಂದೂ ಇಲ್ಲ. ಆಗ ಹಳ್ಳಿಯ ಮನೆಗಳಲ್ಲಿ ಫೋನ್ ಎಲ್ಲಿತ್ತು? ಮುಂದಿನ ನಾಟಕದಲ್ಲಿ ಫೋನ್ ತೆಗೆಸಿ, ನಡುರಾತ್ರಿ ಹೊರಗಿನಿಂದ ಯಾರೋ ಚಿಲಕ ಅಲುಗಾಡಿಸುವಂತೆ ಮಾಡಿದೆವು. ಮೂರೇ ಸಲ, ನಡುವೆ ಉದ್ದನೆಯ ಮೌನ. ಮಲೆನಾಡಿನ ಹೆಣ್ಣುಮಗಳೊಬ್ಬರು ಬರೆದ ಕಾರ್ಡು ನನಗಿನ್ನೂ ನೆನಪಿದೆ: ನಾಟಕದ ನಡುವೆ ಅತ್ತೆಯವರು ಎದ್ದು, ಹಿತ್ತಿಲ ಬಾಗಿಲು ಹಾಕಿದೆಯೇ ನೋಡಿ ಬಾ ಎಂದು ಆಕೆಯನ್ನು ಕಳುಹಿಸಿದರಂತೆ. ಹಾಕಿತ್ತು. ಆದರೂ ಅತ್ತೆ ತಾವೇ ಹೋಗಿ ಇನ್ನೊಮ್ಮೆ ನೋಡಿ ಬಂದರಂತೆ. ಅಷ್ಟರಲ್ಲಿ ಕೊಲೆಗಾರ ಯಾರೆಂದು ಹೇಳಿ ಮುಗಿದಿತ್ತು, ದಯವಿಟ್ಟು ತಿಳಿಸಿ ಎಂದು ಆಕೆ ಕೇಳಿದ್ದರು. ತಿಳಿಸಿದೆ.

ಮೌನದ ಬಗ್ಗೆಯೂ ಒಂದು ಮಾತು. ರೇಡಿಯೊದಲ್ಲಿ ಮೂರು ಸೆಕೆಂಡು ಏನೂ ಕೇಳಿಸದಿದ್ದರೆ ಕೇಳುಗ ಪೆಟ್ಟಿಗೆಯ ತಲೆಗೆ ತಟ್ಟುತ್ತಾನೆ, ಕೆಟ್ಟಿತೇನೋ ಎಂದು. ರಹಸ್ಯ ನಾಟಕದಲ್ಲಿ ಮಾತ್ರ ಆ ಮೂರು ಸೆಕೆಂಡು ಅವನು ಉಸಿರು ಹಿಡಿಯುತ್ತಾನೆ. ಆಗ ಅವನ ಕಿವಿಗೆ ಬೀಳುವುದು ಯಾವುದು? ಅವನದೇ ಮನೆಯ ಸದ್ದುಗಳು. ಗಡಿಯಾರ, ನಲ್ಲಿಯ ತೊಟ್ಟು, ಅಟ್ಟದ ಮೇಲಿನ ಇಲಿ. ನಾಟಕಕಾರ ಒಂದು ಕಾಸೂ ಖರ್ಚು ಮಾಡದೆ ಪಡೆದ ಹಿನ್ನೆಲೆ ಸದ್ದು ಅದು. ಇಲಿ ಎಂದಾಗ ನೆನಪಾಯಿತು: 'ಎಸ್ಕೇಪ್' ಸರಣಿಯಲ್ಲಿ 1950ರಲ್ಲಿ ವಿನ್ಸೆಂಟ್ ಪ್ರೈಸ್ ಆಡಿದ 'ತ್ರೀ ಸ್ಕೆಲಿಟನ್ ಕೀ' ಎಂಬುದೊಂದಿದೆ. ಕಡಲ ನಡುವಿನ ದೀಪಸ್ತಂಭದಲ್ಲಿ ಮೂವರು, ಹೊರಗೆ ಸಾವಿರಾರು ಹಸಿದ ಇಲಿಗಳು. ಅಟ್ಟವಿರುವ ಮನೆಯಲ್ಲಿ ಕೇಳಿ ನೋಡಿ.

ಇನ್ನೊಂದು ಕಾರಣ, ಇವು ನೇರ ಪ್ರಸಾರದವು. ಆ ಕಾಲದ ದೊಡ್ಡ ಜಾಲಗಳು ಧ್ವನಿಮುದ್ರಿಸಿದ ನಾಟಕವನ್ನು ಪ್ರಸಾರ ಮಾಡಲು ಒಪ್ಪುತ್ತಿರಲಿಲ್ಲ. ಪೂರ್ವ ತೀರಕ್ಕೂ ಪಶ್ಚಿಮ ತೀರಕ್ಕೂ ಮೂರು ಗಂಟೆಯ ಅಂತರ. ಆದ್ದರಿಂದ ಅನೇಕ ನಾಟಕಗಳನ್ನು ಒಂದೇ ಸಂಜೆ ಎರಡು ಸಲ ಆಡುತ್ತಿದ್ದರು. ತಪ್ಪಿದರೆ ತಿದ್ದುವ ಮಾತೇ ಇಲ್ಲ. 1943ರ ಆ ಮೊದಲ ಪ್ರಸಾರದಲ್ಲಿ, ಪೂರ್ವ ತೀರದವರ ಪಾಲಿನ ಪ್ರದರ್ಶನದ ಕಟ್ಟಕಡೆಯ ಗಳಿಗೆಯಲ್ಲಿ ಒಂದು ಸೂಚನೆ ತಪ್ಪಿಹೋಗಿ, ಆ ಹೆಂಗಸಿನ ಗತಿ ಏನಾಯಿತೆಂದು ಕೇಳುಗರಿಗೆ ತಿಳಿಯದೇ ಹೋಯಿತು. ಮುಂದಿನ ವಾರ ಕಾರ್ಯಕ್ರಮದಲ್ಲೇ ಸ್ಪಷ್ಟನೆ ಕೊಡಬೇಕಾಯಿತು. 'ಸಸ್ಪೆನ್ಸ್'ನ ವೈಭವದ ವರ್ಷಗಳ ನಿರ್ದೇಶಕ ವಿಲಿಯಂ ಸ್ಪಿಯರ್ ಬೇಕೆಂದೇ ಕಡಿಮೆ ತಾಲೀಮು ಕೊಡುತ್ತಿದ್ದರು. ದೊಡ್ಡ ತಾರೆಗಳು ಕೊಂಚ ಗಾಬರಿಯಲ್ಲೇ ಮೈಕಿನ ಮುಂದೆ ನಿಲ್ಲಲಿ ಎಂಬುದು ಅವರ ಲೆಕ್ಕ. ನೀವು ಕೇಳುವ ನಡುಕದಲ್ಲಿ ಪಾತ್ರದ್ದೆಷ್ಟು, ನಟನದೆಷ್ಟು ಎಂದು ಬಿಡಿಸಲಾಗದು.

ನೇರ ಪ್ರಸಾರವಾದದ್ದು ನಿಮ್ಮ ಮೊಬೈಲಿಗೆ ಹೇಗೆ ಬಂತು ಎಂದು ಕೇಳಬಹುದು. ಪ್ರಾಯೋಜಕರಿಗೆ, ಕಡತಕ್ಕೆ ಎಂದು ಗ್ರಾಮಫೋನಿನಂತಹ ಹದಿನಾರು ಇಂಚಿನ ತಟ್ಟೆಗಳಲ್ಲಿ ಕೊರೆದಿಡುತ್ತಿದ್ದರು. ಒಂದು ಮಗ್ಗುಲಿಗೆ ಸುಮಾರು ಹದಿನೈದು ನಿಮಿಷ. ಯುದ್ಧಕಾಲದಲ್ಲಿ ಅಲ್ಯೂಮಿನಿಯಂ ಸಿಗದೆ ಗಾಜಿನ ತಟ್ಟೆಗೆ ಮೆರುಗೆಣ್ಣೆ ಬಳಿದು ಬಳಸಿದರು. ಕೈಜಾರಿದರೆ ಒಂದು ನಾಟಕವೇ ಹೋಯಿತು. ಸೈನಿಕರಿಗೆ ಕಳುಹಿಸಲು ಜಾಹೀರಾತು ಕಿತ್ತುಹಾಕಿ ಮಾಡಿದ ಪ್ರತಿಗಳೂ ಇದ್ದವು. ಆ ತಟ್ಟೆಗಳನ್ನು ಗುಜರಿಯಿಂದ, ನೆಲಮಾಳಿಗೆಗಳಿಂದ ಹೆಕ್ಕಿ ಟೇಪಿಗೆ ಇಳಿಸಿದವರು ಹವ್ಯಾಸಿಗಳು. 'ಸಸ್ಪೆನ್ಸ್'ನ ಸುಮಾರು 945 ಸಂಚಿಕೆಗಳಲ್ಲಿ ಒಂಬೈನೂರಕ್ಕೂ ಹೆಚ್ಚು ಉಳಿದಿರುವುದು ಅವರ ಹುಚ್ಚಿನಿಂದ. ನೀವು ನಕ್ಕ ಆ ಗೊರಗೊರ ಸೂಜಿ ಮತ್ತು ತಟ್ಟೆಯದು. ನನ್ನ ಕಿವಿಗೆ ಅದು ಮಳೆಯಂತೆ ಕೇಳುತ್ತದೆ, ಇಲ್ಲಿ ಮಾತ್ರ ನನ್ನ ಮೋಹ ಮಾತನಾಡುತ್ತಿದೆ ಎಂದು ತಿಳಿಯಿರಿ.

ಎಲ್ಲವೂ ಚಿನ್ನವಲ್ಲ. ವಾರವಾರ ಗಾಣದೆತ್ತಿನಂತೆ ದುಡಿದು ಬರೆದ ಸರಕಿನಲ್ಲಿ ಜೊಳ್ಳೇ ಹೆಚ್ಚು. ಕೊಲೆಗಾರ ಕೊನೆಯ ಎರಡು ನಿಮಿಷದಲ್ಲಿ ತಾನಾಗಿಯೇ ಎಲ್ಲವನ್ನೂ ಒಪ್ಪಿಸುವುದು, ಹೆದರಬೇಕಾದ ಕಡೆಯಲ್ಲೆಲ್ಲ ಆರ್ಗನ್ ವಾದ್ಯ ಧಡ್ ಎನ್ನುವುದು, ಚೀನೀಯರನ್ನೂ ಭಾರತೀಯರನ್ನೂ ಮಾಟಗಾರರಂತೆ ತೋರಿಸುವುದು, ಇವೆಲ್ಲ ಧಾರಾಳವಾಗಿ ಸಿಗುತ್ತವೆ. 'ದಿ ಶ್ಯಾಡೊ' ಸರಣಿ ಎಷ್ಟೇ ಹೆಸರುವಾಸಿಯಾಗಿರಲಿ, ಅದರ ನಾಯಕ ಕಣ್ಣಿಗೆ ಕಾಣದಂತಿರುವ ವಿದ್ಯೆ ಕಲಿತದ್ದು ಪೂರ್ವದೇಶದಲ್ಲಂತೆ. ಅವನ ನಗು ಕೇಳಿ ಮಕ್ಕಳು ಹೆದರಿದರು, ಸರಿ. ನನಗೆ ಅದು ಎಂದೂ ಹಿಡಿಸಲಿಲ್ಲ.

1962ರ ಸೆಪ್ಟೆಂಬರ್ 30ರಂದು 'ಸಸ್ಪೆನ್ಸ್' ಮುಗಿಯಿತು. ಆ ಕಾಲ ಅಲ್ಲಿಗೆ ಮುಗಿಯಿತೆಂದು ಅಮೆರಿಕದಲ್ಲಿ ಲೆಕ್ಕ. ಆದರೆ ಹೈಮನ್ ಬ್ರೌನ್ ಬಿಡಲಿಲ್ಲ. 1974ರಲ್ಲಿ ಅದೇ ಕಿರುಗುಟ್ಟುವ ಬಾಗಿಲನ್ನು ಮತ್ತೆ ಹೊತ್ತು ತಂದು 1982ರವರೆಗೆ 1,399 ಹೊಸ ನಾಟಕಗಳನ್ನು ಪ್ರಸಾರ ಮಾಡಿದರು, ಟಿ.ವಿ. ಮನೆಮನೆಯಲ್ಲಿದ್ದ ಕಾಲದಲ್ಲಿ. ನಮ್ಮಲ್ಲೂ ಸರಿಸುಮಾರು ಆಗಲೇ ವಿವಿಧ ಭಾರತಿಯಲ್ಲಿ ಫ್ಲಾಸ್ಕ್ ಕಂಪನಿಯೊಂದರ ಕೃಪೆಯಿಂದ 'ಇನ್‌ಸ್ಪೆಕ್ಟರ್ ಈಗಲ್' ಓಡಾಡುತ್ತಿದ್ದ. ಹಿಂದಿ ಬಾರದವರೂ ಅವನಿಗಾಗಿ ಕಾಯುತ್ತಿದ್ದರು.

ಈಗ ನೀವು ಮಾಡಬೇಕಾದದ್ದು. ಬಸ್ಸಿನಲ್ಲಿ ಇವನ್ನು ಕೇಳಬೇಡಿ. ಇಯರ್‌ಫೋನ್ ಹಾಕಿದಾಗ ನಾಟಕ ನಿಮ್ಮ ತಲೆಯೊಳಗೆ ನಡೆಯುತ್ತದೆ, ಸುತ್ತಲಿನ ಮನೆ ಅದರಿಂದ ಹೊರಗುಳಿಯುತ್ತದೆ. ಸ್ಪೀಕರನ್ನು ಕೋಣೆಯ ಆ ಮೂಲೆಯಲ್ಲಿಡಿ, ಕೊಂಚ ಸಣ್ಣ ದನಿಯಲ್ಲಿ, ಕಿವಿಗೊಟ್ಟು ಕೇಳಬೇಕಾಗುವಷ್ಟು. ಮನೆಯವರೆಲ್ಲ ಮಲಗಿರಲಿ. 1950ರಲ್ಲಿ ಕ್ಯಾರಿ ಗ್ರಾಂಟ್ ಆಡಿದ 'ಆನ್ ಎ ಕಂಟ್ರಿ ರೋಡ್' ಮಳೆಗಾಲದ ರಾತ್ರಿಗೆ ಚೆನ್ನಾಗಿದೆ. ಪೆಟ್ರೋಲ್ ಮುಗಿದು ನಿಂತ ಕಾರಿನೊಳಗೆ ಗಂಡಹೆಂಡತಿ, ಹೊರಗೆ ಮಳೆ, ಆಸ್ಪತ್ರೆಯಿಂದ ತಪ್ಪಿಸಿಕೊಂಡು ಮಚ್ಚು ಹಿಡಿದು ಅಲೆಯುತ್ತಿರುವ ಹೆಂಗಸು.

ಅದಕ್ಕೂ ಮೊದಲು, ನೀವು ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸಿ. ಕೊನೆಯಲ್ಲಿ ಏನಾಗುತ್ತದೆಂದು ನಾನು ಹೇಳುವುದಿಲ್ಲ. ಹನ್ನೊಂದೂಕಾಲರ ರೈಲಿಗೆ ಇನ್ನೂ ಸ್ವಲ್ಪ ಹೊತ್ತಿದೆ. ಈ ಸಲ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಕುಳಿತು ಕೇಳಿ. ಮೊಬೈಲನ್ನು ಮಾತ್ರ ಸೈಲೆಂಟಿಗೆ ಹಾಕಬೇಡಿ. ನಡುವೆ ಒಂದು ಕರೆ ಬಂದರೆ ಬರಲಿ.